ಅಕಾರಾದಿಯ ಮೇಲೆ ಮಾವನ ಯುದ್ಧ

ನನ್ನ ಸೋದರಮಾವನಿಗೆ ಈ ಲೋಕದಲ್ಲಿ ಇರುವುದು ಒಬ್ಬನೇ ಶತ್ರು: ಅಕಾರಾದಿ! ರಾಯದುರ್ಗದಲ್ಲಿ ಆಯುಷ್ಯವೆಲ್ಲ ಕನ್ನಡ ಪಾಠ ಹೇಳಿ ನಿವೃತ್ತರಾದವರು ಅ, ಆ, ಇ, ಈ ಮೇಲೆಯೇ ಕತ್ತಿ ಹಿರಿದರೆ ಹೇಗಿರುತ್ತದೆ? ಜೊತೆಯಲ್ಲಿದ್ದು ಅನುಭವಿಸಿದವನು ನಾನು, ಕೇಳಿ.

ಮಡಕಶಿರದ ಕಾಲೇಜಿನ ಮೇಡಂ ಒಬ್ಬರು ಪಿಎಚ್.ಡಿ.ಗೆಂದು ಒಂದು ವಂಶವೃಕ್ಷ ಬರೆಯುತ್ತಿದ್ದಾರೆ. ರಕ್ತಸಂಬಂಧದ್ದಲ್ಲ, ಪಾಠದ್ದು. ನಮ್ಮ ಗಡಿಸೀಮೆಯ ಕನ್ನಡ ಮೇಷ್ಟ್ರುಗಳಲ್ಲಿ ಯಾರು ಯಾರಿಗೆ ಕಲಿಸಿದರು, ಆ ಕಲಿಸಿದವರಿಗೆ ಕಲಿಸಿದವರು ಯಾರು, ಹೀಗೆ. ಮಾವ ಮೇಡಂಗೆ ಸಹಾಯಕರು. ಮಾವನಿಗೆ ಟೈಪು ಬಾರದ್ದರಿಂದ ನಾನು ಸಹಾಯಕರ ಸಹಾಯಕ. ಮರ ಹತ್ತುವ ಪ್ರತಿ ಹೆಸರಿಗೂ ಒಂದು ಆಕರ ಬೇಕು: ಪುಸ್ತಕ, ಶಾಲೆಯ ರಿಜಿಸ್ಟರು, ಸ್ಮರಣ ಸಂಚಿಕೆ, ಏನಾದರೊಂದು. ಆ ಆಕರಗಳ ಪಟ್ಟಿಯನ್ನು ಮೇಡಂ ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದಾರೆ. ಅವರು ಅಲ್ಲಿಂದ ತಿದ್ದಬಹುದು, ನಾವು ಇಲ್ಲಿಂದ ಕೆಡಿಸಬಹುದು!

ಮಾವನ ಉತ್ಸಾಹಕ್ಕೆ ಕಾರಣವಿತ್ತು. ಮರದಲ್ಲಿ ಅವರ ಹೆಸರಿನ ಮೇಲಿನ ಚೌಕ ಖಾಲಿ. ಅಲ್ಲಿ, ತಮಗೆ ಅಕ್ಷರ ಕಲಿಸಿದ ಎರ್ರಿಸ್ವಾಮಿ ಮೇಷ್ಟ್ರು ಬರಬೇಕು. ಮೇಷ್ಟ್ರೋ, ಊರವರೇ ಕಾಳುಕಡಿ ಕೊಟ್ಟು ನೇಮಿಸಿಕೊಂಡವರು. ಸರ್ಕಾರದ ಕಾಗದದಲ್ಲಿ ಅವರಿಲ್ಲ, ಒಂದು ಪುಸ್ತಕವನ್ನೂ ಬರೆಯಲಿಲ್ಲ. ಆಕರ ಎಲ್ಲಿಂದ ತರುವುದು?

ಅದು ಸಿಗುವ ತನಕ ಮಾವ ಸುಮ್ಮನಿರುತ್ತಾರೆಯೇ? ಮೊದಲ ವಾರ ಪಟ್ಟಿಯ ಲೇಖಕರಿಗೆಲ್ಲ ಮರ್ಯಾದೆ ಕೊಡಿಸಿದರು.

"ಏನಲೇ, ಬರೇ ಹೆಸರು ಹೊಡಿತೀ? ಅವರೇನು ನಿನ್ನ ಜೊತಿ ಗೋಲಿ ಆಡ್ಯಾರೇನು? ಶ್ರೀ ಹಾಕು!"

ಬದುಕಿದ್ದವರು ಶ್ರೀ, ಹೋದವರು ದಿವಂಗತ. ಮರುದಿನ ಮೇಡಂ ಅಕಾರಾದಿಗೆ ಜೋಡಿಸಿದ್ದೇ ತಡ, ಸತ್ತವರೆಲ್ಲ ಒಂದು ಕಡೆ, ಬದುಕಿದ್ದವರೆಲ್ಲ ಒಂದು ಕಡೆ! ಸಂಶೋಧನೆಯ ಪಟ್ಟಿ ಹೋಗಿ ಯಮನ ಕಚೇರಿಯ ಹಾಜರಿ ಪುಸ್ತಕವಾಯಿತು.

"ಸಾರ್, ಒಂದ್ ಹೆಸ್ರೂ ಹುಡುಕಕ್ಕಾಗ್ತಿಲ್ಲ. ಎಲ್ರೂ ಎರಡೇ ಅಕ್ಷರಕ್ಕೆ ಬಂದು ಗುಂಪು ಕಟ್ಟವ್ರೆ!" ಎಂದು ಮೇಡಂ ಫೋನು.

"ಗುಂಪು ಕಟ್ಟಲಿ ಬಿಡ್ರಿ ಮೇಡಂ. ಶ್ರೀ ಇಲ್ಲದ ಹೆಸರು ರುಮಾಲಿಲ್ಲದ ಗೌಡನಂಗ ಕಾಣತೈತಿ."

ಮೇಡಂ ಶ್ರೀಗಳಿಗೆ ಬೇರೆ ಕಾಲಂ ಮಾಡಿದರು. ಆಗ ಮಾವನ ಕಣ್ಣಿಗೆ ದೊಡ್ಡ ಅನಾಹುತ ಬಿತ್ತು. ಅನಂತಯ್ಯ ಎಂಬ ಶಿಷ್ಯನ ಪುಸ್ತಕ ಮೇಲೆ, ವೀರಭದ್ರಪ್ಪ ಎಂಬ ಗುರುವಿನ ಪುಸ್ತಕ ಕೆಳಗೆ!

"ಕಲಿತಾಂವ ಮ್ಯಾಲ, ಕಲಿಸಿದಾಂವ ತಳಗ! ಯಾಕ್ರಿ ಮೇಡಂ, ಏನ್ ಕಾಲ ಬಂತು?"

"ಸಾರ್, ಇದು ಪಟ್ಟಿ. ಮದ್ವೆ ಮನೆ ಊಟದ ಸಾಲಲ್ಲ."

ಮೇಡಂ ಬೆಳಿಗ್ಗೆ ಅಕಾರಾದಿ ಮಾಡುತ್ತಿದ್ದರು, ಮಾವ ಸಂಜೆ ಗುರುಗಳನ್ನು ಮೇಲೆ ಹತ್ತಿಸುತ್ತಿದ್ದರು. ನಡುವೆ ನಾನು, ಹತ್ತಿಸಿ ಇಳಿಸುವ ಹಮಾಲಿ! ಬೇಸತ್ತು ಒಂದು ದಿನ ಮಾವನ ದನಿಯಲ್ಲೇ ಫೋನೆತ್ತಿ, "ಅಕಾರಾದಿನೇ ಇರ್ಲಿ ಬಿಡ್ರಿ ಮೇಡಂ" ಎಂದೆ. "ಸಾರ್ ಇಷ್ಟ್ ಬೇಗ ಒಪ್ಪಲ್ಲ. ಫೋನ್ ಅವರ್ಗೆ ಕೊಡಪ್ಪ" ಎಂದರು!

ನನ್ನ ಪಾಂಡಿತ್ಯವೂ ಕಡಿಮೆಯದಲ್ಲ. ಒಬ್ಬ ಮೇಷ್ಟ್ರ ಹೆಸರು ಮದುವೆ ಪತ್ರಿಕೆಯಲ್ಲಿ ಸಿಕ್ಕಿತೆಂದು ಅದನ್ನೇ ಪಟ್ಟಿಗೆ ಏರಿಸಿ, ಪ್ರಕಾಶಕರ ಜಾಗದಲ್ಲಿ "ತಮ್ಮ ಸುಖಾಗಮನ ಬಯಸುವವರು" ಎಂದು ತುಂಬಿದ್ದೆ.

ಅಷ್ಟರಲ್ಲಿ ಗುಡಿಬಂಡೆಯಿಂದ ಒಬ್ಬರು ತಮ್ಮ ತಂದೆಯ ಹೆಸರು ಸೇರಿಸಿ ಎಂದು ಮನೆಗೇ ಬಂದರು.

"ಆಕರ ಎಲ್ಲೈತ್ರಿ?"

"ನಾನೇ ಅವರ ಮಗ, ಸಾರ್!"

"ಮಗ ಆಕರ ಅಲ್ರಿ, ಪರಿಣಾಮ."

ಪಾಪ, ಮನುಷ್ಯ ಕಾಫಿಯನ್ನೂ ಕುಡಿಯದೆ ಹೋದರು. ಮಾವ ಗೆದ್ದವರಂತೆ ಮೀಸೆ ತಿರುವಿದರು. ಇಂಥವರ ಕೈಗೆ ಯಾರಾದರೂ ಮರ ಕೊಡುತ್ತಾರೆಯೇ?

ಕೊನೆಗೆ ಮೇಡಂ, ಸೋಮವಾರ ಮರವನ್ನು ಒಪ್ಪಿಸಬೇಕು ಎಂದರು. ಶಾಲೆಯ ರಿಜಿಸ್ಟರಿನ ಮೂಲೆಯಲ್ಲಾದರೂ ಎರ್ರಿಸ್ವಾಮಿ ಮೇಷ್ಟ್ರ ಹೆಸರಿದ್ದೀತೆಂದು ನಾವಿಬ್ಬರೂ ಓಬಳಾಪುರದ ಕಡೆಯ ಮಾವನ ಹುಟ್ಟೂರಿಗೆ ಓಡಿದೆವು. ತಲೆಯಿಂದ ಕಾಲಿನವರೆಗೆ ಕೆಂಧೂಳು ಮೆತ್ತಿಕೊಂಡು ಶಾಲೆ ಮುಟ್ಟಿದರೆ, ಹೆಡ್ಮಾಸ್ಟರು ಕೈಚೆಲ್ಲಿದರು: "ಹಳೇ ರಿಜಿಸ್ಟರು ಗೆದ್ದಲು ತಿಂದೈತ್ರಿ."

"ಗೆದ್ದಲನ್ನೇ ಆಕರ ಅಂತ ಹಾಕೋಣೇನು ಮಾವ?" ಎಂದೆ. ಅವರು ನಗಲಿಲ್ಲ. ಬಸ್ಸಿನಲ್ಲಿ ಇನ್ನೊಂದು ಉಪಾಯ ಹೇಳಿದೆ: "ಯಾವುದಾದರೂ ಪುಸ್ತಕದ ಹೆಸರು ಹುಟ್ಟಿಸ್ತೀನಿ ಬಿಡು. ಯಾರು ಹುಡುಕ್ತಾರೆ?"

"ಬ್ಯಾಡ. ಇಲ್ಲದ ಪುಸ್ತಕದಾಗ ನಮ್ಮ ಮೇಷ್ಟ್ರನ್ನ ಕೂಡಿಸಬ್ಯಾಡ," ಎಂದು ಕಿಟಕಿಯ ಕಡೆ ತಿರುಗಿದರು.

ಭಾನುವಾರ ಮೇಡಂ ಬಸ್ಸು ಹಿಡಿದು ರಾಯದುರ್ಗಕ್ಕೇ ಬಂದರು.

"ಸಾರ್, ನೀವೇ ಹೇಳಿ. ರೆಕಾರ್ಡ್ ಮಾಡ್ಕಂಡು ಬಾಯಿಮಾತಿನ ಆಕರ ಅಂತ ಹಾಕ್ತೀನಿ. ಅದೂ ನಡೀತೈತೆ."

"ನಡೀತೈತೇನ್ರಿ?" ಮಾವನ ಮುಖ ಅರಳಿ, ಮರುಕ್ಷಣವೇ ಬಾಡಿತು. "ಗುಡಿಬಂಡಿಯವರನ್ನ ವಾಪಸ್ ಕಳಿಸೀನಲ್ರಿ." ಎಂದವರೇ ಆ ಮನುಷ್ಯನಿಗೆ ಫೋನು ಹಚ್ಚಿದರು. "ತಪ್ಪಾತ್ರಿ ನಂದು. ನಿಮ್ಮ ತಂದೀ ಬಗ್ಗೆ ಹೇಳ್ರಿ, ಮೇಡಂ ಬರಕೊಂತಾರ." ಅರ್ಧ ಗಂಟೆ ಆ ಕಡೆಯ ದನಿ ನಿಲ್ಲಲೇ ಇಲ್ಲ.

ಆಮೇಲೆ ಮೇಡಂ ಮೊಬೈಲನ್ನು ಮಾವನ ಮುಂದಿಟ್ಟರು. "ಸಾರ್, ನಿಮಗೆ ಅಕ್ಷರ ಕಲಿಸಿದವರು ಯಾರು?"

ಮಾವ ಕುರ್ಚಿ ಬಿಟ್ಟು ಎದ್ದರು. ಮಂಡಿನೋವಿನ ಮನುಷ್ಯ, ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತರು.

"ಕೂತ್ಕಂಡೇ ಹೇಳಿ ಸಾರ್."

"ಮೇಷ್ಟ್ರ ಮಾತು ಹೇಳಾಕ ಹತ್ತೀನಿ ತಾಯಿ. ಹೆಂಗ ಕುಂದರಲಿ?" ಎಂದು ಶುರು ಮಾಡಿದರು. "ನಮ್ಮ ಎರ್ರಿಸ್ವಾಮಿ ಮೇಷ್ಟ್ರು ಸ್ಲೇಟು ಮುಟ್ಟಿಸ್ತಿದ್ದಿಲ್ಲ. ಎಲ್ಲಾರೂ ಕೆಂಪು ಮಣ್ಣಾಗ ಬೆರಳಿಲೇ ಬರೀರಿ, ಅಕ್ಷರ ದುಂಡಗ ಆಗತಾವು ಅಂತಿದ್ರು. ಉಳಿದ ಹುಡುಗರ ಮನ್ಯಾಗೆಲ್ಲ ಸ್ಲೇಟು ಇತ್ತು, ನನಗೊಬ್ಬನಿಗೇ ಇರಲಿಲ್ಲ ಅನ್ನೋದು ನನಗ ಗೊತ್ತಾಗಿದ್ದು ದೊಡ್ಡಾಂವ ಆದಮ್ಯಾಲ. ಅಷ್ಟೊತ್ತಿಗೆ ಮೇಷ್ಟ್ರು ಇರಲಿಲ್ಲ."

ಮೇಡಂ ರೆಕಾರ್ಡ್ ನಿಲ್ಲಿಸಿದರು. ನಾನು ಖಾಲಿ ಚೌಕದಲ್ಲಿ ಹೆಸರು ಟೈಪು ಮಾಡತೊಡಗಿದೆ. ಕೊನೆಯ ಅಕ್ಷರ ಬೀಳುವವರೆಗೂ ಮಾವ ನಿಂತೇ ಇದ್ದರು.