ಇದು ನಾನು ಮಾಡಿದ್ದಲ್ಲ

ಆತ್ಮವಿಶ್ವಾಸದ ವಿಷಯದಲ್ಲಿ ನಾನು ಯಾವತ್ತೂ ಬಡವನಲ್ಲ. ಈಜು ಬಾರದೆಯೂ ತುಂಗೆಯಲ್ಲಿ ಇನ್ನೊಬ್ಬರಿಗೆ ಈಜು ಹೇಳಿಕೊಟ್ಟವನು ನಾನು. ನೀರು ಮೊಣಕಾಲಷ್ಟೇ ಇತ್ತು ಎನ್ನುವುದು ಬೇರೆ ಮಾತು. ಹಾಗಾಗಿ, ಜನ ಮದುವೆ ಕರೆಯೋಲೆಯನ್ನು ಫೋನಿನಲ್ಲೇ ಕಳಿಸತೊಡಗಿ ಕೊಪ್ಪದ ನನ್ನ ಡಿಟಿಪಿ ಅಂಗಡಿಯಲ್ಲಿ ನೊಣ ಹೊಡೆಯುವ ಸ್ಥಿತಿ ಬಂದಾಗ, ನಲವತ್ತು ದಾಟಿದ ನಾನು ಯುಎಕ್ಸ್ ಡಿಸೈನರ್ ಆಗುತ್ತೇನೆಂದು ಮನೆಯಲ್ಲಿ ಘೋಷಿಸಿದೆ. ಆ್ಯಪ್‌ನಲ್ಲಿ ಯಾವ ಬಟನ್ ಎಲ್ಲಿರಬೇಕು, ಜನ ತಡವರಿಸದೆ ಹೇಗೆ ಕೆಲಸ ಮುಗಿಸಬೇಕು ಎಂದು ಯೋಚಿಸುವ ಕೆಲಸ ಅದು. "ಮನೇಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲ, ಊರವರಿಗೆ ಬಟನ್ ಎಲ್ಲಿರ್ಬೇಕು ಅಂತ ಹೇಳ್ತಾರಂತೆ" ಎಂದಳು ನನ್ನ ಹೆಂಡತಿ ವಸುಧಾ. ಇಂಥದ್ದಕ್ಕೆಲ್ಲ ಬೇಜಾರು ಮಾಡಿಕೊಳ್ಳುವವನು ಮದುವೆ ಕಾರ್ಡಿನ ವ್ಯಾಪಾರ ಮಾಡಲಾರ.

ಆನ್‌ಲೈನ್ ಕೋರ್ಸು ಮುಗಿಸಿದೆ. ಅರ್ಜಿ ಹಾಕಿದಲ್ಲೆಲ್ಲ ಅನುಭವ ಕೇಳಿದರು. ಬಸ್ಸಿನ ಆ್ಯಪ್ ನಡೆಸುವ ಒಂದು ಕಂಪನಿಯವರು ಮಾತ್ರ, "ಅನುಭವ ಇಲ್ಲದಿದ್ದರೆ ಇರಲಿ, ಒಂದು ಮಾದರಿ ಆ್ಯಪ್ ಮಾಡಿ ಜನರ ಕೈಗೆ ಕೊಡಿ. ಎಲ್ಲಿ ಎಡವುತ್ತಾರೆ ಅಂತ ಬರೆದು ಕಳಿಸಿ" ಎಂದರು. ಕೊಪ್ಪದಲ್ಲೇ ಕೂತು ಮಾಡಬಹುದಾದ ಕೆಲಸ. ಇದು ತಪ್ಪಿದರೆ ಮತ್ತೆ ನೊಣವೇ ಗತಿ. ನಮ್ಮ ಸುತ್ತಿನ ಬಸ್ಸುಗಳದ್ದೇ ಒಂದು ಆ್ಯಪ್ ಮಾಡಿ ಪಕ್ಕದ ಮನೆಯ ನಾಗರತ್ನಕ್ಕನ ಕೈಗಿಟ್ಟೆ. ಶೃಂಗೇರಿಗೆ ಬಸ್ಸು ಹುಡುಕಲು ಹೊರಟ ಅವರು ಬಾಳೆಹೊನ್ನೂರಿನ ಪುಟದಲ್ಲಿ ಸಿಕ್ಕಿಬಿದ್ದರು. ಕನ್ನಡಕದ ನಂಬರ್ ಬದಲಾಗಿರಬೇಕು ಎಂದುಕೊಂಡೆ. "ಅಡ್ಡಿಲ್ಲ ಮಾರಾಯ, ಚೆನ್ನಾಗಿ ಮಾಡಿದೀಯ. ಕಾಫಿ ಕುಡಿ" ಎಂದು ಫೋನು ವಾಪಸ್ ಕೊಟ್ಟರು. ಎನ್.ಆರ್.ಪುರದ ಷಡ್ಡಕನೂ ಅಡ್ಡಿಲ್ಲ ಎಂದ, ಮೆಣಸೆಯ ಮಾವನವರೂ ಅಡ್ಡಿಲ್ಲ ಎಂದರು. ನಮ್ಮ ಕಡೆ ಕಷ್ಟಪಟ್ಟು ಮಾಡಿದವರ ಎದುರಿಗೆ ತಪ್ಪು ಹೇಳುವ ಪದ್ಧತಿಯಿಲ್ಲ. ಉಪ್ಪಿಲ್ಲದ ಸಾರನ್ನೂ ಎರಡು ಸಲ ಬಡಿಸಿಕೊಂಡು ಉಣ್ಣುತ್ತೇವೆ. ಯಾರೂ ಎಲ್ಲೂ ಎಡವಲಿಲ್ಲ ಎಂದು ನಾನು ಹೆಮ್ಮೆಯಿಂದ ಬರೆದು ಕಳಿಸಿದೆ. ನಂಬಲಾಗುತ್ತಿಲ್ಲ, ಇನ್ನೊಮ್ಮೆ ನೋಡಿ ಎಂದು ಉತ್ತರ ಬಂತು.

"ನೀವು ಎದ್ರಿಗೆ ಕೂತು ಮುಖ ನೋಡ್ತಿದ್ರೆ ಯಾರು ಹೇಳ್ತಾರೆ ಮಾರಾಯ್ರೆ? ಬೇರೆ ಯಾರೋ ಮಾಡಿದ್ದು ಅನ್ನಿ" ಎಂದಳು ವಸುಧಾ. ಬಣ್ಣವನ್ನಷ್ಟೇ ಬದಲಿಸಿ ಅದೇ ಆ್ಯಪನ್ನು ಮತ್ತೆ ನಾಗರತ್ನಕ್ಕನಿಗೆ ಕೊಟ್ಟೆ. ಇದು ನಾನು ಮಾಡಿದ್ದಲ್ಲ, ಶಿವಮೊಗ್ಗದವರೊಬ್ಬರದ್ದು ಎಂದೆ.

"ಯಾವ ಪುಣ್ಯಾತ್ಮ ಮಾಡಿದ್ದು ಇದು? ಬಸ್ಸಿನ ಹೆಸರೇ ಇಲ್ಲ, ಬರೀ ಟೈಮ್ ಇಟ್ಕೊಂಡು ಎಂತ ಮಾಡೋದು? ವಾಪಸ್ ಬರೋ ಬಸ್ಸು ಎಲ್ಲಿ? ಹೋದವರು ಅಲ್ಲೇ ಉಳೀಬೇಕಾ? ಅವ್ನು ಜನ್ಮದಲ್ಲಿ ಬಸ್ಸು ಹತ್ತಿದಾನಾ? ನೀನು ಮಾಡಿದ್ದೇ ಎಷ್ಟೋ ವಾಸಿ ಮಾರಾಯ!"

ಅವರು ಬೈದದ್ದನ್ನೆಲ್ಲ ಬರೆದುಕೊಂಡೆ. ಕಾಫಿ ಕುಡಿಯದೆ ಎದ್ದು ಬಂದೆ, ನಿಜ. ಆದರೆ ಷಡ್ಡಕನೂ ಮಾವನವರೂ ಶಿವಮೊಗ್ಗದವನನ್ನು ಇನ್ನೂ ಚೆನ್ನಾಗಿ ಜಾಲಾಡಿದ ಮೇಲೆ, ನನಗೆ ಬೇಕಾದ ಅನುಭವ ಸಿಕ್ಕಿತು ಎಂದು ಖಾತ್ರಿಯಾಯಿತು.

ವೀಡಿಯೊ ಕಾಲ್‌ನಲ್ಲಿ ಸಂದರ್ಶನ. ಶಿವಮೊಗ್ಗದವನನ್ನೂ ಬಿಡದೆ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದ ನನ್ನ ವರದಿ ಓದಿ ಆ ಕಡೆಯಿದ್ದ ಮೇಡಂ ನಕ್ಕರು. ಆಮೇಲೆ ತಮ್ಮ ಕಂಪನಿಯ ಆ್ಯಪ್ ತೋರಿಸಿ, "ಇದು ಹೇಗಿದೆ?" ಎಂದರು. ಅದರ ತುಂಬ ತಪ್ಪುಗಳಿದ್ದವು. ಆದರೆ ಕೆಲಸ ಕೊಡುವವರು ಎದುರಿಗೇ ಕೂತಿದ್ದಾರೆ! "ಅಡ್ಡಿಲ್ಲ ಮೇಡಂ, ಚೆನ್ನಾಗಿದೆ" ಎಂದುಬಿಟ್ಟೆ.

ಅವರು ನನ್ನ ಮುಖವನ್ನೇ ನೋಡಿದರು. "ಇದು ನಾವು ಮಾಡಿದ್ದಲ್ಲ ಅಂದ್ಕೊಳ್ಳಿ" ಎಂದರು.

ಯಾವ ಪುಣ್ಯಾತ್ಮ ಮಾಡಿದ್ದು ಇದು ಎಂದು ಶುರುಮಾಡಿದವನು, ನಿಲ್ಲಿಸುವಷ್ಟರಲ್ಲಿ ಕಾಫಿ ಆರಿಹೋಗಿತ್ತು. ಕೆಲಸ ಸಿಕ್ಕಿತು. ನಾನು ಬೈದ ಆ್ಯಪ್ ಮಾಡಿದ್ದು ಆ ಮೇಡಮ್ಮೇ ಎಂಬುದು ಸೇರಿದ ಮೇಲೆ ಗೊತ್ತಾಯಿತು. ಈಗ ನನ್ನ ಕೆಲಸವನ್ನೆಲ್ಲ ಮೊದಲು ನೋಡುವವರು ಅವರೇ. ಇದುವರೆಗೆ ಒಮ್ಮೆಯೂ ಅಡ್ಡಿಲ್ಲ ಎಂದಿಲ್ಲ.