ಉಸಿರು ಹಿಡಿಯುವ ಚೀಲ

ಉಸಿರು ಅಳೆಯುವ ಕೆಲಸಕ್ಕೆ ಕೈ ಹಾಕಿದ ಮೇಲೆ ನನ್ನ ಪಾಲಿಗೆ ನೆಟ್ಟಗೆ ನಡೆದ ದಿನಗಳು ಕಡಿಮೆ. ಎಂಬತ್ತರ ದಶಕ. ಬೆಳಗಾವಿಯಲ್ಲಿ ವ್ಯಾಯಾಮದ ಮಾಸ್ತರನಾಗಿದ್ದೆ, ಜೊತೆಗೊಂದು ಸಂಶೋಧನಾ ಪ್ರಬಂಧ ಬರೆಯುತ್ತಿದ್ದೆ. ಡಂಬೆಲ್ಸು, ಬೈಠಕ್ಕು, ಮರಳಿನ ಮೂಟೆ ಹೊರುವುದು, ಇವನ್ನು ಬಿಡುವಿಲ್ಲದೆ ಸುತ್ತುಸುತ್ತಾಗಿ ಮಾಡಿದರೆ ಗಂಡಸರಿಗೆಷ್ಟು ಶಕ್ತಿ ಖರ್ಚು, ಹೆಂಗಸರಿಗೆಷ್ಟು? ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ನಳಿಗೆ ಕಚ್ಚಿಸಿ, ಬಿಟ್ಟ ಉಸಿರನ್ನೆಲ್ಲ ದೊಡ್ಡ ಚೀಲದಲ್ಲಿ ಹಿಡಿದು ಅಳೆಯಬೇಕು; ಉಸಿರು ಹೆಚ್ಚಿದಷ್ಟೂ ಖರ್ಚು ಹೆಚ್ಚು. ಗಡುವು ಹತ್ತಿರ ಬಂದಿತ್ತು. ಕೂತಲ್ಲಿ ಕೂರಲಾಗದೆ ಜನರನ್ನು ಹುಡುಕುತ್ತ ಸೈಕಲ್ ತುಳಿಯುತ್ತಿದ್ದೆ.

೧. ಪೈಲವಾನರು

ಮೊದಲು ಒಪ್ಪಿದವರು ಖಾಸಬಾಗದ ಪೈಲವಾನರೊಬ್ಬರು. ಮೂರು ಸುತ್ತು ಮುಗಿಸಿದರು, ಮುಖ ಕೆಂಪಾಯಿತು, ಚೀಲ ಮಾತ್ರ ಅರ್ಧವೂ ತುಂಬಲಿಲ್ಲ. ಎಲ್ಲಿ ಸೋರುತ್ತಿದೆ ಎಂದು ನೀರಲ್ಲಿ ಮುಳುಗಿಸಿ ನೋಡಿದೆ. ಸೋರಿರಲಿಲ್ಲ, ಅವರೇ ಉಸಿರು ಕಟ್ಟಿದ್ದರು.

"ಉಸುರು ಬಿಟ್ರ ತಾಕತ್ತು ಹೋಗತೈತಿ ಅಂತ ಕುಸ್ತಿ ಕಲಿಸಿದ ನಮ್ಮ ವಸ್ತಾದರು ಹೇಳ್ಯಾರ," ಅಂದರು. "ಅದನ್ನ ನಿಮ್ಮ ಚೀಲದಾಗ ಯಾಕ ತುಂಬಲಿ?"

೨. ವಿಶ್ರಾಂತಿ

ಹೆಂಗಸರು ಸಿಗುವುದು ಇನ್ನೂ ಕಷ್ಟ. ಕಡೆಗೆ ಶಿವಬಸವ ನಗರದ ಶಾಲಾ ಶಿಕ್ಷಕಿಯೊಬ್ಬರು ಗಂಡನ ಜೊತೆ ಬಂದರು. ಕಸರತ್ತಿಗೆ ಮೊದಲು ಸುಮ್ಮನೆ ಕೂರಿಸಿ, ವಿಶ್ರಾಂತಿಯ ಉಸಿರು ಹಿಡಿಯಬೇಕಿತ್ತು. ನಳಿಗೆ ಕಚ್ಚಿಸಿದೆ. ಆಗ ಗಂಡ ಮೆಲ್ಲಗೆ, ತಮ್ಮ ಅಕ್ಕನ ಸಂಸಾರ ನಾಳೆ ಬಂದು ಎರಡು ತಿಂಗಳು ಇರುವುದೆಂದು ಹೇಳಿದರು. ನೋಡನೋಡುತ್ತ ಚೀಲ ಬಿರಿಯುವಷ್ಟು ಉಬ್ಬಿತು. ಪೈಲವಾನರ ಮೂರು ಸುತ್ತಿಗಿಂತ ಈಕೆ ಕೂತದ್ದೇ ಹೆಚ್ಚಾಯಿತು.

ಈಗಲೇ ಯಾಕೆ ಹೇಳಿದಿರಿ ಎಂದು ಗಂಡನನ್ನು ಕೇಳಿದೆ.

"ಆಕಿ ಬಾಯಿ ಬಂದ್ ಇರೂದು ಈಗಷ್ಟಽ ಅಲ್ರೀ?"

೩. ಖಾನಾಪುರದ ಅಕ್ಕ

ದುಡಿಯುವ ಹೆಣ್ಣುಮಕ್ಕಳನ್ನೂ ಅಳೆಯಬೇಕೆಂದು ಸಾಮಾನು ಕಟ್ಟಿಕೊಂಡು ಖಾನಾಪುರಕ್ಕೆ ಹೋದೆ. ಹಂಚಿನ ಭಟ್ಟಿಯಲ್ಲಿ ಮಣ್ಣು ಹೊರುವ ಅಕ್ಕ ಒಬ್ಬರು ಒಪ್ಪಿದರು. ಅಂದೇ ನನ್ನ ಪ್ರಬಂಧದ ಗೈಡ್ ಸಾಹೇಬರೂ ತಪಾಸಣೆಗೆ ಬಂದಿದ್ದರು. ಎರಡು ಸುತ್ತಾದರೂ ಅಕ್ಕನಿಗೆ ಏದುಸಿರು ಬರಲಿಲ್ಲ. ಕಸರತ್ತೇ ಹಗುರಾಗಿದೆ ಎಂದು ಸಾಹೇಬರಿಗೆ ಸಂಶಯ. ಕೋಟು ಬಿಚ್ಚಿ ತಾವೂ ಶುರು ಮಾಡಿದರು. ಹದಿನೈದನೇ ಬೈಠಕ್ಕಿಗೆ ಮೀನಖಂಡ ಸೆಟೆದು ಅಂಗಳದಲ್ಲೇ ಕುಸಿದು ಕೂತರು. ಏಳಲಾಗಲಿಲ್ಲ.

ಅಕ್ಕ ಆಗ ಮರಳಿನ ಮೂಟೆ ಹೊತ್ತು ನಡೆಯುತ್ತಿದ್ದರು. ಮೂಟೆ ಇಳಿಸಿದರು, ಸಾಹೇಬರನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಪಡಸಾಲೆಯತ್ತ ನಡೆದೇಬಿಟ್ಟರು. ನಳಿಗೆ ಇನ್ನೂ ಬಾಯಲ್ಲೇ ಇತ್ತು. ಉಸಿರಿನ ಚೀಲ ಹಿಡಿದು ನಾನೂ ಹಿಂದೆ ಓಡಿದೆ. ಅಳತೆ ನಿಲ್ಲಿಸಲೇ ಎಂದು ಓಡುತ್ತಲೇ ಕೇಳಿದೆ.

"ನಿಲ್ಲಸಬ್ಯಾಡ್ರಿ," ತಲೆಕೆಳಗಾಗಿದ್ದ ಸಾಹೇಬರು ಅಂದರು. "ನನ್ನ ತೂಕ ಅರವತ್ತೆಂಟು ಕಿಲೋ. ಬರ್ಕೋರಿ."

ನಳಿಗೆ ತೆಗೆದ ಮೇಲೆ, ಮೂಟೆ ಹೊತ್ತದ್ದೋ ಸಾಹೇಬರನ್ನು ಹೊತ್ತದ್ದೋ, ಯಾವುದು ಕಷ್ಟವಾಯಿತೆಂದು ಅಕ್ಕನನ್ನು ಕೇಳಿದೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಮೂಟಿನಽ ಚಲೋರಿ," ಅಂದರು. "ಅದು ಒದ್ದಾಡೂದಿಲ್ಲ."