ಮಾವನವರ ಕರೆಕ್ಟ್ ಕಾಫಿ

ಇಟಾಲಿಯನ್ ಬರುತ್ತದೆ ಎಂದು ನಾನು ಯಾರಿಗೂ ಸುಳ್ಳು ಹೇಳಿರಲಿಲ್ಲ. ನಿಜವಾಗಿಯೂ ಬರುತ್ತದೆ ಎಂದೇ ನಂಬಿದ್ದೆ. ಹೂಫ್‌ಡಾರ್ಪ್‌ನ ಆಫೀಸಿಗೆ ಬಸ್ಸಿನಲ್ಲಿ ಹೋಗುವಾಗ ಬರುವಾಗ ಮೂರು ವಾರ ಫೋನಿನಲ್ಲಿ ಪಾಠ ಕಲಿತಿದ್ದೆ. ಇಲ್ಲಿನ ಭಾಷೆ ಡಚ್ ಬಿಟ್ಟು ಇದೇಕೆ ಎಂದು ಗಂಡ ಸುಧೀರ ಕೇಳಿದ್ದ. ಅಂಥ ಸಣ್ಣ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ.

ಆಗಷ್ಟೇ ಅತ್ತೆ ಮಾವ ಮೈಸೂರಿನಿಂದ ಆಮ್ಸ್ಟೆಲ್‌ವೀನ್‌ನ ನಮ್ಮ ಮನೆಗೆ ಬಂದಿದ್ದರು. ಮಾವ ನಿವೃತ್ತ ಹೆಡ್‌ಮಾಸ್ಟರು. ತಮ್ಮ ಬೀದಿಗೆ ಬರಲಿದ್ದ ಬಾರೊಂದನ್ನು ಅರ್ಜಿ ಬರೆದು ಬರೆದೇ ಓಡಿಸಿದವರು. ಈ ಡಚ್ಚರ ದೇಶದಲ್ಲಿ ಅವರಿಗೆ ಎಲ್ಲವೂ ಹಿಡಿಸಿತ್ತು, ಕಾಫಿಯೊಂದನ್ನು ಬಿಟ್ಟು. ಮಷೀನಿನದು ನೀರು, ನಾನು ಮಾಡಿದ್ದು ಕಷಾಯ. "ಒಂದು ಕರೆಕ್ಟಾದ ಕಾಫಿ ಸಿಗಲ್ವೇನಮ್ಮ ಇಲ್ಲಿ?" ಎಂದು ದಿನಾ ಕೇಳುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಇಟಾಲಿಯನ್ ಹೋಟೆಲಿಗೆ ಹೋದೆವು. ಮೆನು ಓದುವ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಆಕ್ವಾ ಫ್ರಿಜ್ಜಾಂತೆ ಎಂದರೆ ಸೋಡಾ ನೀರು, ಸ್ಪ್ರೆಮೂತಾ ಎಂದರೆ ಆಗಷ್ಟೇ ಹಿಂಡಿದ ಹಣ್ಣಿನ ರಸ ಎಂದು ವಿವರಿಸಿದೆ. ಅತ್ತೆಗೆ ಲಾತ್ತೆ ಕಾಲ್ದೊ ಹೇಳಿದೆ. ಕಾಲ್ದೊ ಅಂದರೆ ಕೋಲ್ಡ್ ಇರಬೇಕು ಎಂದು ಸುಧೀರ ವಾದಿಸಿದ. ಹೊಗೆಯಾಡುವ ಬಿಸಿ ಹಾಲು ಬಂತು. ಅಲ್ಲಿಂದಾಚೆಗೆ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಊಟ ಮುಗಿಯಿತು. ಮೆನುವಿನ ಕೊನೆಯಲ್ಲಿ "ಕಾಫೆ ಕೊರೆಟ್ಟೊ" ಎಂದಿತ್ತು. ಕರೆಕ್ಟ್ ಕಾಫಿ! ಅಕ್ಷರಶಃ ಮಾವ ಕೇಳುತ್ತಿದ್ದದ್ದೇ. ಅದು ಮಾವನವರಿಗೆ ಎಂದೆ. ಬಿಳಿ ಮೀಸೆಯ ವೇಟರು ಗ್ರಾಪ್ಪಾ ಬೇಕೋ ಸಂಬೂಕಾ ಬೇಕೋ ಎಂದು ಕೇಳಿದ. ನಮ್ಮಲ್ಲಿ ಪೀಬೆರಿ, ಪ್ಲಾಂಟೇಶನ್ ಎ ಇದ್ದ ಹಾಗೆ ಕಾಫಿ ಬೀಜದ ಜಾತಿ ಇರಬೇಕು ಎಂದುಕೊಂಡೆ. ಗಂಭೀರವಾಗಿ ಗ್ರಾಪ್ಪಾ ಆರಿಸಿದೆ.

ಮಾವ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ರಶ್ಮಿ, ಇದಮ್ಮಾ ಕಾಫಿ. ಎದೆವರೆಗೂ ಇಳೀತು ನೋಡು."

ಇನ್ನೊಂದು ಬೇಕೆಂದರು. ಈ ಸಲ ಸಂಬೂಕಾ ಹೇಳಿದೆ. ಸೋಂಪು ಹಾಕಿದ್ದಾರೆ, ಜೀರ್ಣಕ್ಕೆ ಒಳ್ಳೆಯದು ಎಂದು ಮೆಚ್ಚಿಕೊಂಡರು. ಆಮೇಲೆ ಅವರ ಮಾತು ಹೆಚ್ಚಾಯಿತು. ಮದುವೆಯಲ್ಲಿ ಅತ್ತೆ ಉಟ್ಟಿದ್ದ ಸೀರೆಯ ಅಂಚಿನ ಬಣ್ಣವನ್ನು, ನಲವತ್ತೆರಡು ವರ್ಷಗಳ ನಂತರ, ಪಕ್ಕದ ಟೇಬಲ್ಲಿಗೂ ಕೇಳುವಂತೆ ಹೊಗಳಿದರು. ಅತ್ತೆ ಹಾಲಿನ ಲೋಟವನ್ನೇ ನೋಡುತ್ತಾ ಕುಳಿತರು. ಕೊನೆಗೆ ಮಾವ, ಈ ಪುಡಿ ಎಲ್ಲಿ ಸಿಗುತ್ತದೆ, ಮೈಸೂರಿಗೆ ಒಯ್ಯಬೇಕು ಎಂದರು.

ನಾನು ನನ್ನ ಇಟಾಲಿಯನ್ನಿನಲ್ಲಿ ವೇಟರನ್ನು ವಿಚಾರಿಸಿದೆ. ಆತ ಸಂತೋಷದಿಂದ ಗ್ರಾಪ್ಪಾದ್ದೊಂದು, ಸಂಬೂಕಾದ್ದೊಂದು, ಎರಡು ಬಾಟಲಿ ತಂದಿಟ್ಟ. ಕೊರೆಟ್ಟೊ ಎಂದರೆ ಹೆಂಡ ಬೆರೆಸಿ ತಿದ್ದಿದ ಕಾಫಿ ಎಂದು ಇಂಗ್ಲಿಷಿನಲ್ಲಿ ವಿವರಿಸಿದ.

ಮಾವ ಕನ್ನಡಕ ಹಾಕಿಕೊಂಡು ಎರಡೂ ಲೇಬಲ್‌ಗಳನ್ನು ಉತ್ತರಪತ್ರಿಕೆಯಂತೆ ಓದಿದರು. ಎಪ್ಪತ್ತು ವರ್ಷ ಒಂದು ಹನಿ ಮುಟ್ಟದ ಮನುಷ್ಯನಿಗೆ ಒಂದೇ ಮಧ್ಯಾಹ್ನ ಎರಡು ಬಗೆ ಕುಡಿಸಿದ್ದೆ. ಸುಧೀರ ನನ್ನ ಕಡೆ ನೋಡಲೂ ಇಲ್ಲ. ಗೊತ್ತಿರಲಿಲ್ಲ ಮಾವ, ಕ್ಷಮಿಸಿ ಎಂದು ತೊದಲಿದೆ.

ಮಾವ ಕನ್ನಡಕ ತೆಗೆದು ಮೆಲ್ಲಗೆ ಹೇಳಿದರು. "ಮೊದಲನೇದು ನೀನು ಕುಡಿಸಿದ್ದಮ್ಮ. ಎರಡನೇದು ನಾನೇ ಕೇಳಿದ್ದು."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗುತ್ತಿದ್ದರು.

ಮುಂದಿನ ಭಾನುವಾರವೂ ಅದೇ ಹೋಟೆಲಿಗೆ ಹೋಗೋಣ ಎಂದವರು ಅತ್ತೆಯೇ. ಅಲ್ಲಿ ಕುಳಿತೊಡನೆ ನಾನು ಮೆನು ಎತ್ತಿಕೊಂಡೆ. ಅವರು ಅದನ್ನು ನಯವಾಗಿ ನನ್ನ ಕೈಯಿಂದ ತೆಗೆದು ಮಡಚಿಟ್ಟರು. ಮಾವ ವೇಟರಿಗೆ ಪಕ್ಕದ ಟೇಬಲ್ಲಿನ ನೀರಿನ ಜಗ್ಗನ್ನೂ ತಮ್ಮ ನಾಲ್ಕು ಬೆರಳನ್ನೂ ತೋರಿಸಿ, ಅಚ್ಚ ಕನ್ನಡದಲ್ಲಿ "ನೀರು" ಎಂದರು.

ನಾಲ್ಕು ಲೋಟ ನೀರು ಬಂತು. ಒಂದೂ ತಪ್ಪಿರಲಿಲ್ಲ.